ಸರೋಜಕ್ಕನ ಮಚ್ಚು

ನನ್ನ ಪ್ರೀತಿಯ ಸರೋಜಕ್ಕಾ,

ನೀವು ಹೋಗಿ ಹದಿನಾಲ್ಕು ತಿಂಗಳಾಯಿತು. ಇಷ್ಟು ದಿನ ಬರೆಯದೆ ಇದ್ದವಳು ಈ ಭಾನುವಾರ ಬೆಳಿಗ್ಗೆ ಬಟ್ಟೆ ಒಣಹಾಕಿ, ಮಹಡಿ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಳುವುದಕ್ಕೆಂದು ಕೂತಿಲ್ಲ, ಆ ಕೆಲಸ ಆಗಲೇ ಮುಗಿದಿದೆ. ನಿಮಗೆ ಹೇಳಲೇಬೇಕಾದ ಒಂದು ಸಂಗತಿ ನಡೆದಿದೆ. ಬೇರೆ ಯಾರಿಗೆ ಹೇಳಿದರೂ ‘ಒಂದು ಇಂಗ್ಲಿಷ್ ಪದಕ್ಕೆ ಇಷ್ಟೆಲ್ಲ ಬೇಕಿತ್ತಾ ಮಂಜುಳಾ’ ಅನ್ನುತ್ತಾರೆ. ನನ್ನ ಗಂಡನೂ ಅದನ್ನೇ ಅಂದರು. ನೀವೊಬ್ಬರು ಹಾಗನ್ನುವುದಿಲ್ಲ. ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ.

ನೀವು ನನ್ನನ್ನು ಮೊದಲು ಮಾತಾಡಿಸಿದ ದಿನ ನೆನಪಿದೆಯಾ? ಮೈಸೂರು ರಸ್ತೆಯ ನಮ್ಮ ಗಾರ್ಮೆಂಟ್ಸಿನಲ್ಲಿ ನಾನಾಗ ಹೆಲ್ಪರ್. ಹೊಲಿದು ಬಂದ ಶರ್ಟುಗಳಲ್ಲಿ ಜೋತುಬಿದ್ದ ದಾರ ಕತ್ತರಿಸುವುದೇ ಕೆಲಸ. ನೀವು ಚೆಕಿಂಗ್ ಟೇಬಲ್ಲಿನ ಹಳೆಯ ಹುಲಿ. ಊಟದ ಬಿಡುವಿನಲ್ಲಿ ನನ್ನೆದುರು ಬಂದು ನಿಂತು, “ಪಿಯುಸಿ ಓದಿದೀಯಂತೆ, ದಾರ ಕತ್ತರಿಸ್ತಾ ಯಾಕೆ ಕೂತಿದೀಯ?” ಅಂದಿರಿ. “ಇಂಗ್ಲಿಷಲ್ಲಿ ಫೇಲಕ್ಕ” ಅಂದೆ. “ನಾನು ಏಳನೇ ಕ್ಲಾಸಿಗೆ ಬಿಟ್ಟೋಳು. ನಂಗೆ ಪಾಸು ಫೇಲು ಎರಡೂ ಗೊತ್ತಿಲ್ಲ. ಬಾ ಈ ಕಡೆ” ಅಂತ ಕೈ ಹಿಡಿದು ಎಬ್ಬಿಸಿದಿರಿ. ಸೂಪರ್‌ವೈಸರ್ ಹತ್ತಿರ ಅದೇನು ಜಗಳ ಆಡಿದಿರೋ, ಮರುವಾರದಿಂದ ನಾನು ನಿಮ್ಮ ಪಕ್ಕದ ಸ್ಟೂಲಿನಲ್ಲಿದ್ದೆ.

ಅಲ್ಲಿ ಕೂತ ಮೇಲೆ ತಾನೆ ನನಗೆ ನಮ್ಮ ಕೆಲಸದ ತೂಕ ಗೊತ್ತಾಗಿದ್ದು. ಸಿದ್ಧವಾದ ಬಟ್ಟೆಯಲ್ಲಿ ಹೊಲಿಗೆ, ಗುಂಡಿ, ಬಣ್ಣ ನೋಡಿ ತಪ್ಪಿದ್ದರೆ ರಿಪೋರ್ಟು ಬರೆಯಬೇಕು. ಅದನ್ನು ಹೊರದೇಶದ ಬೈಯರ್ ಕಡೆಯವರು ಓದುವುದರಿಂದ ಇಂಗ್ಲಿಷಿನಲ್ಲೇ ಬರೆಯಬೇಕು. ನಿಮ್ಮ ಕಣ್ಣು ಎಂದೂ ತಪ್ಪುತ್ತಿರಲಿಲ್ಲ. ಒಂದೇ ನೀಲಿಯ ಎರಡು ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದು ಬೇರೆ ಥಾನಿನದು, ಆ ಬಟ್ಟೆ ಸುರುಳಿಯದೇ ಅಲ್ಲ ಅಂತ ಹೇಳಿಬಿಡುತ್ತಿದ್ದಿರಿ. ಇಂಗ್ಲಿಷ್ ಮಾತ್ರ...

ಮೀಟಿಂಗ್ ರೂಮಿನಲ್ಲಿ ನಿಮ್ಮನ್ನು ನಿಲ್ಲಿಸಿದ ಆ ಮಧ್ಯಾಹ್ನವನ್ನು ನಾನು ಮರೆತಿಲ್ಲ. ಬೈಯರ್ ಒಂದು ಲಾಟು ಶರ್ಟನ್ನು ವಾಪಸ್ ಕಳಿಸಿದ್ದರು. ಕಾಲರಿನ ಬಣ್ಣವೇ ಬೇರೆ, ಮೈಯ ಬಣ್ಣವೇ ಬೇರೆ. ಚೆಕಿಂಗಿನವರು ಏನು ಮಾಡುತ್ತಿದ್ದರು ಅಂತ ಪ್ರೊಡಕ್ಷನ್ ಮ್ಯಾನೇಜರ್ ಕೂಗಾಡುತ್ತಿದ್ದರು. ನೀವು ತಿಂಗಳ ಹಿಂದೆಯೇ ಬರೆದುಕೊಟ್ಟಿದ್ದ ರಿಪೋರ್ಟು ಅವರ ಫೈಲಿನಲ್ಲೇ ಸಿಕ್ಕಿತು. ಆಫೀಸಿನ ಹುಡುಗನೊಬ್ಬ ಅದನ್ನು ಗಟ್ಟಿಯಾಗಿ ಓದಿದ: “ಕಾಲರ್ ಈಸ್ ವೆರಿ ಡಾರ್ಕರ್ ದ್ಯಾನ್ ಬಾಡಿ.” ಒಬ್ಬರು ನಕ್ಕರು, ಆಮೇಲೆ ರೂಮಿಗೆ ರೂಮೇ ನಕ್ಕಿತು. “ವೆರಿ ಡಾರ್ಕರ್ ಅಂತೆ. ಇಂಥ ಇಂಗ್ಲಿಷ್ ಬರೆದ್ರೆ ಯಾರಿಗಮ್ಮ ಅರ್ಥ ಆಗತ್ತೆ?” ಅಂದರು ಮ್ಯಾನೇಜರ್. ನೀವು ತಲೆ ತಗ್ಗಿಸಲಿಲ್ಲ. “ಇಂಗ್ಲಿಷ್ ತಪ್ಪಿರಬಹುದು ಸಾರ್. ಕಾಲರ್ ಕಪ್ಪಗಿತ್ತೋ ಇಲ್ವೋ, ಅದನ್ನ ಹೇಳಿ” ಅಂದಿರಿ. ರಿಪೋರ್ಟು ಸರಿಯಾಗಿತ್ತು, ಒಂದು ಪದ ತಪ್ಪಾಗಿತ್ತು. ಅವರಿಗೆ ಆ ಒಂದು ಪದವೇ ಸಾಕಾಯಿತು. ಲಾಟು ಹೋದದ್ದು ನಮ್ಮ ಟೇಬಲ್ಲಿನ ತಪ್ಪು ಅಂತ ಬರೆದುಕೊಂಡರು.

ಆ ಸಂಜೆ ಕಂಪನಿ ಗಾಡಿಯಲ್ಲಿ ನಾನೇ ಅತ್ತೆ, ನೀವಲ್ಲ. “ಬಿಡಿ ಅಕ್ಕ, ಸಂಬಳ ಬಂದ್ರೆ ಸಾಕು, ನಮಗ್ಯಾಕೆ ಈ ಇಂಗ್ಲಿಷು” ಅಂದೆ. ನಿಮ್ಮ ಸ್ಟಾಪು ಶ್ರೀಗಂಧದ ಕಾವಲ್ ಬಂತು. ಇಳಿಯುವಾಗ ಬಾಗಿಲ ಕಂಬಿ ಹಿಡಿದು ತಿರುಗಿ, “ನಕ್ಕಿದ್ದಕ್ಕೆ ನಂಗೇನೂ ಬೇಜಾರಿಲ್ಲ ಕಣೇ. ಅರ್ಥ ಆಗ್ಲಿಲ್ಲ ಅಂದ್ರಲ್ಲ, ಅದು ಸುಳ್ಳು. ಇನ್ನೊಂದ್ಸಲ ಆ ಸುಳ್ಳು ಹೇಳೋಕೆ ನಾನು ಬಿಡಲ್ಲ” ಅಂದಿರಿ. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ನಿಮ್ಮ ಮುಖದಲ್ಲಿ ಅಂಥ ಹಟವನ್ನು ನಾನು ಅದೇ ಮೊದಲು ನೋಡಿದ್ದು.

ಮರುದಿನದಿಂದಲೇ ನಿಮ್ಮ ಮನೆ ಮಹಡಿಯ ಮೇಲಿದ್ದ ರಿಟೈರ್ಡ್ ಟೀಚರ್ ಹತ್ತಿರ ಪಾಠಕ್ಕೆ ಕೂತಿರಲ್ಲ, ಐವತ್ತೆರಡನೇ ವಯಸ್ಸಿನಲ್ಲಿ. ಅವರಿಗೆ ನೀವು ಹೇಳಿದ್ದು ಒಂದೇ ಮಾತಂತೆ: “ಮೇಡಂ, ನನಗೆ ಪೂರ್ತಿ ಇಂಗ್ಲಿಷ್ ಬೇಡ. ಎರಡು ಬಟ್ಟೆ ಪಕ್ಕಪಕ್ಕ ಇಟ್ಟಾಗ ಎಷ್ಟು ಫರಕು ಅಂತ ಹೇಳೋವಷ್ಟು ಸಾಕು.” ಕಲಿತದ್ದನ್ನೆಲ್ಲ ಬೆಳಿಗ್ಗೆ ಗಾಡಿಯಲ್ಲಿ ನನಗೆ ಒಪ್ಪಿಸುತ್ತಿದ್ದಿರಿ. ನನ್ನ ಪಿಯುಸಿ ಮೇಷ್ಟರು ಎರಡು ವರ್ಷದಲ್ಲಿ ತಲೆಗೆ ತುಂಬಲಾಗದ್ದನ್ನು ನೀವು ಬ್ಯಾಗಿನಿಂದ ಮೂರು ಚಿಂದಿ ತೆಗೆದು ತಿಳಿಸಿಬಿಟ್ಟಿರಿ. ಒಂದು ಚಿಂದಿಯನ್ನು ತೊಡೆಯ ಮೇಲಿಟ್ಟು, “ಒಂದೇ ಇದ್ರೆ ವೆರಿ. ವೆರಿ ಡಾರ್ಕ್. ಅದರ ಪಾಡಿಗೆ ಅದು ಕಪ್ಪು” ಅಂದಿರಿ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟು, “ಈಗ ಎರಡಾಯ್ತು, ಹೋಲಿಸ್ತಾ ಇದೀವಿ. ಡಾರ್ಕ್‌ಗೆ ‘ಅರ್’ ಅನ್ನೋ ಬಾಲ ಬಂತು. ಬಾಲ ಬಂದ್ಮೇಲೆ ವೆರಿ ಹತ್ತಿರ ಬರಲ್ಲ. ಆಗ ಮಚ್. ಮಚ್ ಡಾರ್ಕರ್” ಅಂದಿರಿ.

“ಯಾಕಂತೆ? ನಮ್ಮಲ್ಲಿ ಎರಡಕ್ಕೂ ತುಂಬಾ ಅಂತಲೇ ಅಂತೀವಲ್ಲ” ಅಂತ ನಾನು ಕೇಳಿದೆ. “ಅಲ್ಲೇ ಕಣೇ ನಾವು ಬೀಳೋದು. ನಮಗೆ ತುಂಬಾ ಒಂದೇ, ಅವರಿಗೆ ಎರಡು. ತುಂಬಾ ಕಪ್ಪು ಅನ್ನೋಕೆ ಒಂದು, ಅದಕ್ಕಿಂತ ತುಂಬಾ ಕಪ್ಪು ಅನ್ನೋಕೆ ಇನ್ನೊಂದು. ನಾವು ಒಂದು ಸೌಟಲ್ಲೇ ಎರಡೂ ಬಡಿಸ್ತೀವಿ” ಅಂದಿರಿ. ನನಗೆ ನಗು ಬಂತು, ಆದರೆ ವಿಷಯ ತಲೆಗೆ ಹೋಯಿತು. ಮರೆಯದಿರಲಿ ಅಂತ ನೀವೇ ಒಂದು ದಾರಿ ಕಂಡುಕೊಂಡಿರಿ: “ಕಾಯಿ ಒಡೆಯೋ ಮಚ್ಚು ನೆನಪಿಟ್ಕೋ. ಬಾಲ ಕಂಡ್ರೆ ಮಚ್ಚು ತಗೋ.” ಆಮೇಲೆ ಇಡೀ ಗಾಡಿಯಲ್ಲಿ ಅದಕ್ಕೆ ಸರೋಜಕ್ಕನ ಮಚ್ಚು ಅಂತಲೇ ಹೆಸರು ಬಿತ್ತಲ್ಲ.

ನಾಗರಬಾವಿ ದಾಟಿ ಮೈಸೂರು ರಸ್ತೆ ಸೇರುವಷ್ಟರಲ್ಲಿ ನಾವು ಕಂಡಕಂಡದ್ದನ್ನೆಲ್ಲ ಹೋಲಿಸುತ್ತಿದ್ದ ದಿನಗಳವು. ಈ ಗಾಡಿ ನಿನ್ನೆಗಿಂತ ಎ ಲಿಟಲ್ ಲೇಟರ್. ನಿನ್ನ ಚಿತ್ರಾನ್ನ ಮೊನ್ನೆಗಿಂತ ಸ್ಲೈಟ್‌ಲಿ ಬೆಟರ್. ಸೂಪರ್‌ವೈಸರ್ ಬಾಯಿ ಮಷೀನಿಗಿಂತ ಮಚ್ ಲೌಡರ್. ನಾನೊಮ್ಮೆ ಮೋರ್ ಡಾರ್ಕರ್ ಅಂದದ್ದಕ್ಕೆ ನನ್ನ ತೋಳಿಗೆ ಚಿವುಟಿ, “ಬಾಲ ಇರೋವಾಗ ಮೋರ್ ಯಾಕೆ? ಹೊಲಿಗೆ ಮೇಲೆ ಹೊಲಿಗೆ ಹಾಕಿದ್ರೆ ಬಟ್ಟೆ ಗಟ್ಟಿ ಆಗಲ್ಲ, ಸುಕ್ಕು ಬೀಳತ್ತೆ” ಅಂದಿರಿ. ವೆರಿ ಮಚ್ ಡಾರ್ಕರ್ ಅಂದರೂ ಸರಿ ಅಂತ ಟೀಚರ್ ಹೇಳಿದ ದಿನ ನಿಮಗೆ ಎಂಥ ಖುಷಿ. ಮಚ್ಚಿನ ಜೊತೆ ಬಂದರೆ ವೆರಿಯನ್ನೂ ಒಳಗೆ ಬಿಡುತ್ತಾರೆ ಅಂತ ಗಾಡಿ ತುಂಬ ಸಾರಿದಿರಿ. ಆ ನಾಲ್ಕು ಪದಗಳು ನಮಗೆ ಆಟ ಆಗಿಬಿಟ್ಟಿದ್ದವು. ಅವು ಆಟವಲ್ಲ ಅಂತ ನಿಮಗೆ ಮಾತ್ರ ಮೊದಲಿನಿಂದ ಗೊತ್ತಿತ್ತೇನೋ.

ಆರು ತಿಂಗಳ ಮೇಲೆ ಒಂದು ದಿನ ಮ್ಯಾನೇಜರ್ ಎಲ್ಲರನ್ನೂ ಫ್ಲೋರಿನಲ್ಲಿ ನಿಲ್ಲಿಸಿ ಬೈದರಲ್ಲ, ಅದೂ ಇಂಗ್ಲಿಷಿನಲ್ಲಿ. “ಲೈನ್ ತ್ರೀ ಈಸ್ ಮಚ್ ಸ್ಲೋವರ್” ಅಂದರು. ನೀವು ಕೈ ಎತ್ತಿದಿರಿ. “ದ್ಯಾನ್ ಎಲ್ಲಿ ಸಾರ್?” ಅಂದಿರಿ. ಅವರಿಗೆ ತಿಳಿಯಲಿಲ್ಲ. “ಸ್ಲೋವರ್ ಅಂದ್ರಲ್ಲ, ಯಾರಿಗಿಂತ ಅಂತ ಕೇಳ್ದೆ. ಲೈನ್ ಒನ್‌ಗಿಂತ ಅಂತಾದ್ರೆ, ಅವರಿಗೆ ಹೊಸ ಮಷೀನು ಕೊಟ್ಟಿದೀರ. ಹಳೇ ಮಷೀನಲ್ಲೂ ಇವರು ಎ ಲಿಟಲ್ ಸ್ಲೋವರ್ ಅಷ್ಟೇ. ಮಚ್ ಅಲ್ಲ.” ಲೈನ್ ಮೂರರ ಹೆಂಗಸರಿಗೆ ನೀವು ಏನು ಹೇಳಿದಿರಿ ಅಂತ ಪೂರ್ತಿ ಅರ್ಥವಾಗಿರಲಿಕ್ಕಿಲ್ಲ. ಆದರೂ ಮ್ಯಾನೇಜರ್ ಬೈಯುವುದನ್ನು ಬಿಟ್ಟು ಆಫೀಸಿನ ಕಡೆ ನಡೆದದ್ದು ಎಲ್ಲರಿಗೂ ಕಾಣಿಸಿತು. ಅವತ್ತಿನಿಂದ ನಿಮ್ಮ ರಿಪೋರ್ಟು ಓದಿ ಯಾರೂ ನಗಲಿಲ್ಲ. ನೀವು ‘ಮಚ್’ ಅಂತ ಬರೆದರೆ ಲಾಟು ನಿಲ್ಲುತ್ತಿತ್ತು, ‘ಸ್ಲೈಟ್‌ಲಿ’ ಅಂತ ಬರೆದರೆ ಹೋಗುತ್ತಿತ್ತು. ಏಳನೇ ಕ್ಲಾಸಿನವರ ಮಾತಿಗೆ ಲಾರಿ ನಿಲ್ಲುವುದನ್ನು ನಾನು ಕಣ್ಣಾರೆ ಕಂಡೆ.

ನಿಮ್ಮ ಮಗಳು ಫೋನ್ ಮಾಡಿದ ಆ ಭಾನುವಾರ ಮಾತ್ರ... ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ ಅಂದಳು. ಹೃದಯ ನಿಂತಿತ್ತಂತೆ. ನಿಮ್ಮನ್ನು ವಿಭೂತಿ ಹಚ್ಚಿ ಕೂರಿಸಿದ್ದರು. ನೀವು ಹಾಗೆ ಸುಮ್ಮನೆ ಕೂತದ್ದನ್ನು ನಾನು ಅಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಮ್ಯಾನೇಜರ್ ಹಾರ ತಂದಿದ್ದರು. ನಿಮ್ಮ ಮಗಳಿಗೆ, “ವೆರಿ ಗುಡ್ ಲೇಡಿ, ವೆರಿ ಗುಡ್ ಲೇಡಿ” ಅಂತ ಎರಡು ಸಲ ಅಂದರು. ನೀವು ಇದ್ದಾಗ ಒಂದು ಸಲವೂ ಅನ್ನದ ಮಾತು. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು. ಅದು ತಪ್ಪೇನಕ್ಕ?

ಇನ್ನು ಹೋದ ತಿಂಗಳ ಸಂಗತಿಗೆ ಬರುತ್ತೇನೆ. ಹೆಂಗಸರ ನೀಲಿ ಟಾಪುಗಳ ದೊಡ್ಡ ಲಾಟು ಟೇಬಲ್ಲಿಗೆ ಬಂತು. ಮೊದಲ ಕಟ್ಟು ಬಿಚ್ಚಿದಾಗಲೇ ನನ್ನ ಕೈ ನಿಂತಿತು. ತೋಳು ಬೇರೆ ಥಾನಿನದು. ನೀವು ಮಾಡುತ್ತಿದ್ದ ಹಾಗೆ ಕಿಟಕಿಯ ಹತ್ತಿರ ಒಯ್ದು ನೋಡಿದೆ. ಹತ್ತು ಕಟ್ಟು ನೋಡಿದೆ. ನಾಗವೇಣಿಗೂ ತೋರಿಸಿದೆ. ನಾಗವೇಣಿ ಅಂದರೆ ನಿಮ್ಮ ಸ್ಟೂಲಿಗೆ ಬಂದ ಹೊಸ ಹುಡುಗಿ, ಕೆಂಗೇರಿಯವಳು. ಅವಳೂ ಅದನ್ನೇ ಅಂದಳು. ‘ಸ್ಲೀವ್ ಈಸ್ ಮಚ್ ಡಾರ್ಕರ್ ದ್ಯಾನ್ ಬಾಡಿ’ ಅಂತ ಬರೆದು ಸೈನ್ ಹಾಕಿ ಕೊಟ್ಟೆ.

ಅರ್ಧ ಗಂಟೆಯಲ್ಲಿ ಕರೆ ಬಂತು. ಮ್ಯಾನೇಜರ್ ನನ್ನ ರಿಪೋರ್ಟಿನ ಮೇಲೆ ಪೆನ್ನಿಟ್ಟುಕೊಂಡು ಕೂತಿದ್ದರು. ಯಾವತ್ತೂ ಇಲ್ಲದ ಹಾಗೆ ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ.

“ಮಂಜುಳ, ಇದನ್ನ ಸ್ಲೈಟ್‌ಲಿ ಅಂತ ಮಾಡ್ಬಿಡಮ್ಮ. ಶುಕ್ರವಾರ ಲೋಡಿಂಗ್ ಇದೆ.”

“ಸ್ಲೈಟ್‌ಲಿ ಅಲ್ಲ ಸಾರ್ ಅದು. ನೀವೇ ನೋಡಿ.”

“ನೋಡಿದೀನಿ. ಒಂದು ಪದ ತಾನೆ. ಏನಾಗತ್ತೆ?”

“ಒಂದೇ ಪದ ಸಾರ್. ಅದೇ ನನ್ನ ಕೆಲಸ.”

ಅವರ ದನಿ ಬದಲಾಯಿತು. “ನಿನಗಿಂತ ಇಂಗ್ಲಿಷ್ ನಂಗೆ ಚೆನ್ನಾಗಿ ಬರತ್ತೆ. ನೀನು ನಂಗೆ ಹೇಳ್ಕೊಡ್ಬೇಡ” ಅಂದರು.

“ಬರತ್ತೆ ಸಾರ್. ಅದಕ್ಕೇ ಎರಡಕ್ಕೂ ಏನು ಫರಕು ಅಂತ ನಿಮಗೆ ಗೊತ್ತು. ಬೇಕಾದ್ರೆ ನೀವೇ ಬರ್ಕೊಳ್ಳಿ, ನಿಮ್ಮ ಸೈನ್ ಹಾಕ್ಕೊಳ್ಳಿ. ನಂದು ನಾನು ಬದಲಾಯಿಸಲ್ಲ.”

ನನ್ನ ಬಾಯಿಂದ ಇಷ್ಟೂ ಮಾತು ಬಂದದ್ದು ನಿಜ ಅಕ್ಕ. ಹೊರಗೆ ಬಂದಾಗ ನನಗೆ ಹೊಳೆದದ್ದು ಒಂದೇ. ಲಾಟು ವಾಪಸ್ ಬಂದರೆ ಮೀಟಿಂಗ್ ರೂಮಿನಲ್ಲಿ ಯಾರನ್ನು ನಿಲ್ಲಿಸುತ್ತಾರೆ? ಸ್ಲೈಟ್‌ಲಿ ಅಂತ ಸೈನ್ ಹಾಕಿದವಳನ್ನು. ಅವತ್ತು ಇಂಗ್ಲಿಷ್ ತಪ್ಪು ಅಂತ ನಿಮ್ಮನ್ನು ನಿಲ್ಲಿಸಿದರು, ಇವತ್ತು ಇಂಗ್ಲಿಷ್ ಸರಿಯಿದೆ ಅಂತ ನನ್ನನ್ನು ಕರೆಸಿದರು. ಹಾಗಾದರೆ ಅವರಿಗೆ ಇಂಗ್ಲಿಷೇ ಬೇಕಿತ್ತಾ?

ಮರುದಿನ ನನ್ನನ್ನು ದಾರ ಕತ್ತರಿಸಲು ಹಾಕಿದರು, ಎಂಟು ವರ್ಷದ ಹಿಂದೆ ನೀವು ಎಬ್ಬಿಸಿದ ಅದೇ ಜಾಗಕ್ಕೆ. ನನ್ನ ಕಣ್ಣು ಮಂಜಾಗಿದೆ, ರೆಸ್ಟ್ ಬೇಕು ಅಂತ ಬೇರೆ ಹೇಳಿದರು. ನಾಗವೇಣಿಯನ್ನು ಕರೆದು ಹೊಸ ರಿಪೋರ್ಟು ಬರೆಯಲು ಹೇಳಿದರಂತೆ. ಇಪ್ಪತ್ತೆರಡು ವರ್ಷದ ಹುಡುಗಿ, ಮದುವೆಗೆ ನೋಡುತ್ತಿದ್ದಾರೆ, ಕೆಲಸ ಬೇಕೇಬೇಕು. ಅವಳು, “ಬಟ್ಟೆ ನೋಡ್ದೆ ಬರೆಯೋಕಾಗಲ್ಲ ಸಾರ್. ನೋಡಿದ್ರೆ ಮಂಜುಳಕ್ಕ ಬರೆದಿದ್ದನ್ನೇ ಬರೀಬೇಕಾಗತ್ತೆ” ಅಂದಳಂತೆ. ಊಟದ ಹೊತ್ತಿನಲ್ಲಿ ಬಂದು ಇದನ್ನು ಹೇಳುವಾಗ ಅವಳ ತುಟಿ ಒಣಗಿತ್ತು. ನನ್ನ ಡಬ್ಬಿಯ ಚಪಾತಿಯನ್ನು ಅವಳಿಗೇ ಕೊಟ್ಟೆ. ಕೊನೆಗೆ ಮ್ಯಾನೇಜರೇ ಸ್ಲೈಟ್‌ಲಿ ಅಂತ ಬರೆದು ಸೈನ್ ಹಾಕಿಕೊಂಡರು.

ಗುರುವಾರ ಬೈಯರ್ ಕಡೆಯಿಂದ ಇನ್‌ಸ್ಪೆಕ್ಷನ್ನಿಗೆ ಒಬ್ಬ ಮೇಡಂ ಬಂದರು. ತಮಿಳುನಾಡಿನವರು, ಕನ್ನಡ ಬಾರದು. ಪ್ಯಾಕ್ ಆದ ಡಬ್ಬಗಳಿಂದ ಆರು ಟಾಪು ತೆಗೆಸಿ ಟೇಬಲ್ ಮೇಲೆ ಹರಡಿದರು. ರಿಪೋರ್ಟು ನೋಡಿದರು. ಚೆಕ್ಕರ್ ಸೈನ್ ಎಲ್ಲಿ ಅಂತ ಕೇಳಿದರು. ನಾಗವೇಣಿ ಬೆರಳೆತ್ತಿ ನನ್ನ ಕಡೆ ತೋರಿಸಿಬಿಟ್ಟಳು. ನಾನು ಕತ್ತರಿ ಕೈಯಲ್ಲಿ ಹಿಡಿದೇ ಎದ್ದು ಹೋದೆ. “ಶಿ ಡಸ್ ನಾಟ್ ನೋ ಇಂಗ್ಲಿಷ್, ಮೇಡಂ” ಅಂದರು ಮ್ಯಾನೇಜರ್. ಮೇಡಂ ಅವರತ್ತ ನೋಡಲಿಲ್ಲ. ನನ್ನನ್ನೇ ಕೇಳಿದರು: “ಸ್ಲೈಟ್‌ಲಿ ಡಾರ್ಕರ್, ಆರ್ ಮಚ್ ಡಾರ್ಕರ್?”

“ಮಚ್ ಡಾರ್ಕರ್ ದ್ಯಾನ್ ದ ಬಾಡಿ, ಮೇಡಂ. ನಾಟ್ ಸ್ಲೈಟ್‌ಲಿ. ಐ ಟೋಲ್ಡ್ ಸಾರ್” ಅಂದೆ. ಅವರು ತಲೆಯಾಡಿಸಿ, ತಮ್ಮ ಹಾಳೆಯಲ್ಲಿ ಏನೋ ಬರೆದುಕೊಂಡು ಮುಂದಿನ ಡಬ್ಬಕ್ಕೆ ಹೋದರು. ಶಭಾಷ್ ಅನ್ನಲಿಲ್ಲ, ನಗಲೂ ಇಲ್ಲ. ನನಗೆ ಅದು ಬೇಕಾಗಿಯೂ ಇರಲಿಲ್ಲ. ಕೇಳಿದರು, ಹೇಳಿದೆ, ಅರ್ಥವಾಯಿತು.

ಲಾಟು ನಿಂತಿತು. ಇಲ್ಲಿಗೆ ಮುಗಿಸಿದರೆ ನಿಮಗೆ ಖುಷಿಯಾಗುತ್ತಿತ್ತೇನೋ, ಆದರೆ ನಿಮ್ಮ ಹತ್ತಿರ ಅರ್ಧ ಹೇಳಿ ಅಭ್ಯಾಸವಿಲ್ಲ. ಅಷ್ಟೂ ತೋಳು ಬಿಚ್ಚಿ ಹೊಸದಾಗಿ ಕತ್ತರಿಸಿ ಹೊಲಿಯಬೇಕಾಯಿತು. ಎರಡು ಭಾನುವಾರ ಎಲ್ಲರೂ ಬರಲೇಬೇಕು ಅಂತ ಹೇಳಿದರು. ಲೈನ್ ಮೂರರ ಜಯಮ್ಮ ಗಾಡಿಯಲ್ಲಿ ಎಲ್ಲರೆದುರು, “ನಿನ್ನ ಮಚ್ಚು ನಮ್ಮ ಭಾನುವಾರಾನೂ ಕಡೀತು ಕಣೇ. ಮಗೂಗೆ ಜ್ವರ ಇತ್ತು ನಂಗೆ” ಅಂದಳು. ಜಯಮ್ಮ ಹೇಳಿದ್ದೂ ಸುಳ್ಳಲ್ಲ. “ಬೈಯಿ ಜಯಮ್ಮ, ಬೈಸ್ಕೋತೀನಿ. ಆದ್ರೆ ಬೇರೆ ಥಾನು ಕತ್ತರಿಸೋಕೆ ಹೇಳಿದ್ದು ನಾನಲ್ಲ. ಹೇಳಿದೋರನ್ನೂ ಒಂದ್ಸಲ ಬೈಯಿ” ಅಂದೆ. ಮೂರು ದಿನ ಅವಳು ಗಾಡಿಯಲ್ಲಿ ಬೇರೆ ಸೀಟಿಗೆ ಹೋಗಿ ಕೂತಳು. ನಾಲ್ಕನೇ ದಿನ ನನ್ನ ಪಕ್ಕದಲ್ಲಿ ಬಂದು ಕೂತಳು. ಮಗುವಿಗೆ ಹೇಗಿದೆ ಅಂದೆ. ವಾಸಿ ಅಂದಳು.

ಹನ್ನೆರಡು ದಿನ ದಾರ ಕತ್ತರಿಸಿದ ಮೇಲೆ ನನ್ನನ್ನು ವಾಪಸ್ ಟೇಬಲ್ಲಿಗೆ ಕರೆದರು. ಕ್ಷಮೆ ಗಿಮೆ ಏನೂ ಇಲ್ಲ. ಚೆಕ್ಕರ್ ಸೈನ್ ಇಲ್ಲದ ರಿಪೋರ್ಟು ತೆಗೆದುಕೊಳ್ಳುವುದಿಲ್ಲ ಅಂತ ಬೈಯರ್ ಕಡೆಯಿಂದ ಕಾಗದ ಬಂದಿತ್ತಂತೆ, ಅಷ್ಟೇ. ಮ್ಯಾನೇಜರ್ ಇದ್ದಲ್ಲೇ ಇದ್ದಾರೆ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ. ನಾನು ಹುಡುಕಿಕೊಂಡು ಹೋಗಿ ನಮಸ್ಕಾರ ಹೇಳುತ್ತೇನೆ.

ಈ ಸೋಮವಾರ ಇನ್ನೊಂದು ಹೊಸ ವಿಷಯ ನಡೆಯಿತು. ರಿಪೋರ್ಟಿನ ಫಾರಂ ಬದಲಾಗಿದೆ. ಕಂಪ್ಯೂಟರಿಗೆ ಸುಲಭವಾಗಲಿ ಅಂತ ಮಾಡಿದ್ದಂತೆ. ಬರೆಯುವ ಗೆರೆಗಳೇ ಇಲ್ಲ, ಬರೀ ಎರಡು ಚೌಕ. ಓಕೆ, ನಾಟ್ ಓಕೆ. ಯಾವುದಾದರೂ ಒಂದಕ್ಕೆ ಟಿಕ್ ಹಾಕಬೇಕು. ಎಷ್ಟು ಕಪ್ಪು, ಯಾವುದಕ್ಕಿಂತ ಕಪ್ಪು, ಯಾರೂ ಹೇಳುವ ಹಾಗಿಲ್ಲ. ನಾಟ್ ಓಕೆಗೆ ಟಿಕ್ ಹಾಕಿ, ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ: ಲೆಫ್ಟ್ ಕಫ್ ಎ ಲಿಟಲ್ ಟೈಟರ್ ದ್ಯಾನ್ ರೈಟ್. ಮಧ್ಯಾಹ್ನ ನಾಗವೇಣಿಯ ಹಾಳೆ ನೋಡಿದರೆ ಅವಳ ಅಂಚೂ ತುಂಬಿತ್ತು. ಪಾಕೆಟ್ ಫಾರ್ ಲೋವರ್ ದ್ಯಾನ್ ಸ್ಯಾಂಪಲ್. ಮಚ್ಚಿನ ಜಾಗದಲ್ಲಿ ‘ದೂರ’ ಅನ್ನುವ ಆ ‘ಫಾರ್’ ಕೂಡ ಬರುತ್ತದೆ ಅಂತ ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಎಲ್ಲಿಂದ ಕಲಿತಳೋ.

ನಿನ್ನೆ ಶನಿವಾರ ಮ್ಯಾನೇಜರ್ ಆ ಹಾಳೆಗಳನ್ನು ಕೈಗೆತ್ತಿಕೊಂಡು ಅಂಚುಗಳನ್ನು ಒಂದೊಂದಾಗಿ ಓದಿದರು. “ಇಲ್ಲೆಲ್ಲ ಬರೀಬೇಡಿ, ಮುಂದಿನ ಸಲ ಅಂಚಿಲ್ಲದ ಫಾರಂ ಪ್ರಿಂಟ್ ಮಾಡಿಸ್ತೀನಿ” ಅಂದರು. “ಮಾಡ್ಸಿ ಸಾರ್” ಅಂದೆ. ನಾಗವೇಣಿ ನನ್ನ ಮುಖ ನೋಡಿದಳು. ನಾನು ಕೈಯಲ್ಲಿದ್ದ ಹಾಳೆಯನ್ನು ತಿರುಗಿಸಿ ಅವಳ ಮುಂದಿಟ್ಟೆ. ಹಿಂದುಗಡೆ ಇಡೀ ಪುಟ ಖಾಲಿಯಿತ್ತು.

ನಿಮ್ಮ
ಮಂಜುಳ